ಪ್ರಶ್ನಾರ್ಥಕ

ರೆಸೀಫೆಯ ಕ್ಲಿನಿಕ್ಕು. ಹಣೆಯ ಮೇಲೆ
ಐದು ಚುಕ್ಕಿ, ಐದು ಚುಚ್ಚು.
"ನರ ಕೂಗುತ್ತದೆ, ಸ್ನಾಯು ಓಗೊಡುವುದಿಲ್ಲ,
ಅಷ್ಟೇ," ಅಂದಳು ಡಾಕ್ಟರ್ ವನೂಜಿಯಾ.
"ನಾಲ್ಕು ತಿಂಗಳು."

ಹತ್ತನೇ ದಿನಕ್ಕೆ ಗೆರೆ ಮಾಯ.
ಬಸ್ಸಿನಲ್ಲಿ ಟಿಕೆಟಿನವನು 'ಹುಡುಗೀ' ಅಂದ.

ಭಾನುವಾರ ಅಮ್ಮನ ಮನೆ.
ಹುಟ್ಟಿನಿಂದ ಕಿವಿ ಕೇಳದ ಜುರೇಮಾ;
ನಮ್ಮ ಮಾತೆಲ್ಲ ಕೈಯಲ್ಲಿ,
ಪ್ರಶ್ನೆ ಮಾತ್ರ ಹುಬ್ಬಿನಲ್ಲಿ.

ಊಟ ಆಯಿತಾ? ಕೈಯಾಡಿಸಿದೆ.
ಹುಬ್ಬು ಏಳಲಿಲ್ಲ.
ಊಟ ಆಯಿತು ಎಂದು ಓದಿಕೊಂಡು
ಬೀನ್ಸಿನ ಪಾತ್ರೆ ಮುಚ್ಚಿಟ್ಟಳು.
ಮಂಡಿನೋವು ಕಡಿಮೆಯಾಯಿತಾ?
"ಕಡಿಮೆಯಾಯಿತೆಂದು ನಿನಗೆ ಯಾರು ಹೇಳಿದ್ದು!"

ಆಮೇಲೆ, ಇಸ್ತ್ರಿಯಾದ ಬಟ್ಟೆ ಮುಟ್ಟುವಂತೆ
ಒದ್ದೆ ಹೆಬ್ಬೆರಳಲ್ಲಿ ನನ್ನ ಹಣೆ ಸವರಿ
ತನ್ನೆರಡೂ ಹುಬ್ಬು ಮೇಲೆತ್ತಿದಳು.

ಅಬ್ಬ, ಎಷ್ಟು ಗೆರೆ.
ಎಷ್ಟು ಸಲ ಕೇಳಿದ್ದಾಳೆ ನನ್ನನ್ನು.

ಹಸಿವು, ಅಂದೆ.
ಅದಕ್ಕೆ ಹುಬ್ಬು ಬೇಕಿಲ್ಲ.