ಬರೆಯದ ತಗಡು

ನಲವತ್ತು ತಗಡಿಗೆ ಹಸಿರು ಬಳಿದು ಒಣಗಿಸಿದ್ದೆ.
ಒಂದಕ್ಕ ಮೂವತ್ತು ರೂಪಾಯಿ, ಬಿಳಿ ಅಕ್ಷರ.
ಫಾರೆಸ್ಟ್ ಸಾಹೇಬ್ರು ಅಂದ್ರು:
ಗಿಡ ಆಕಿ ತೋರಸ್ತಾಳ, ಹೆಸರು ಆಕಿ ಹೇಳ್ತಾಳ,
ನೀ ಬರಿ.

ಆಕಿ ಅಂದ್ರ ಹಾಮ್ಲಿಬಾಯಿ,
ಕಪ್ಪತಗುಡ್ಡದ ಬುಡದ ತಾಂಡಾದಾಕಿ.
ತೋಳಿನ ಬಳಿ ಮೊಳಕೈಗೆ ಇಳಿದಿದ್ದವು,
ಕಾಲು ಮಾತ್ರ ಆಡಿನ ಕಾಲು.
ನನ್ನ ಡಬ್ಬಿ, ಕುಂಚ ನೋಡಿ ನಕ್ಕಳು:
"ಬಣ್ಣದ ಸಾಬ, ಗಿಡಕ್ಕ ಓದಾಕ ಬರತೈತೇನೊ?"

ಮಂಗರವಳ್ಳಿ. ಮುರದ ಎಲುಬಿಗೆ.
ಮಧುನಾಶಿನಿ. "ಎಲಿ ಅಗದು ಬೆಲ್ಲ ತಿನ್ನು."
ತಿಂದೆ. ಬೆಲ್ಲ ಬಾಯಾಗ ಮಣ್ಣಾತು.
ಹಲವು ಮಕ್ಕಳ ತಾಯಿ ಬೇರು.
ಕೆದರಿ ತೋರಿಸಿದಳು, ಒಂದು ಬಳ್ಳಿ, ಹತ್ತು ಗಡ್ಡಿ.
"ದೊಡ್ಡವನ್ನ ಕೇಳಿ ಒಯ್ಯಬೇಕು,
ಸಣ್ಣವನ್ನ ತಾಯಿ ಮಗ್ಗಲಾಗ ಬಿಡಬೇಕು."
ಮಣ್ಣು ಮುಚ್ಚಿ ಅಂಗೈಲೆ ತಟ್ಟಿದಳು,
ಕೂಸು ಮಲಗಿಸಿದಂಗ.
ಅಷ್ಟುದ್ದದ ಹೆಸರು ತಗಡಿನಾಗ ಹಿಡೀಲಿಲ್ಲ,
ತಾಯಿ ಎರಡನೇ ಸಾಲಿಗೆ ಹೋದಳು.

"ಹೆಂಗ ಕೇಳೂದು?"
"ಹಿಂದಿನ ಸಂಜಿ ದಾರ ಕಟ್ಟಿ ಹೇಳಬೇಕು,
ನಾಳೆ ಬರ್ತೀನಿ ಅಂತ.
ಕೇಳದ ಕಿತ್ತಿದ್ದು ಔಷಧ ಅಲ್ಲೋ, ಕಟಗಿ."

ಮೂವತ್ತೊಂಬತ್ತು ಮುಗದಿದ್ದವು.
ಗಾಳಿ ಫಂಖಾದ ಕಂಬದ ಹಿಂದ
ಎರಡು ಬಂಡಿಗಲ್ಲಿನ ಸಂದ್ಯಾಗ
ಗೇಣುದ್ದದ ಗಿಡ. ಎಲಿ ತಳಕ್ಕ ಕೆಂಪು.
"ಇದು?"
ಆಕಿ ಡೋಣಿ ಕಡೆ ಮಾರಿ ತಿರುವಿದಳು.
"ಅದಾ? ಕಸ."

ಕಸಕ್ಕ ಯಾರರ ಅರಿಶಿಣ ದಾರ ಕಟ್ಟತಾರೇನು?
ಮಳಿಗೆ ಬೆಳ್ಳಗಾಗಿದ್ದು ಒಂದು,
ಹೊಸಾದು ಒಂದು.
ನಾ ದಾರ ನೋಡಿದೆ.
ನಾ ನೋಡಿದ್ದನ್ನ ಆಕಿ ನೋಡಿದಳು.

ಭಾಳ ಹೊತ್ತಿನ ಮ್ಯಾಲೆ ಅಂದಳು:
"ಹಿಂದಕ ಒಬ್ಬಾಂವ ಹಿಂಗ ಕೇಳಿದ್ದ, ಹೇಳಿದೆ.
ಎಂಟು ದಿನಕ್ಕ ಲಾರಿ ಬಂತು.
ಗುಡ್ಡದ ಆ ಮಗ್ಗಲು ಈಗ ಬರೇ ಕುಣಿ.
ಆ ಗಿಡ ಈಗ ನನ್ನ ಬಾಯಾಗಷ್ಟ ಐತಿ,
ಉಗುಳಾಕೂ ಬರೂದಿಲ್ಲ, ನುಂಗಾಕೂ ಬರೂದಿಲ್ಲ."

ಸಾಹೇಬ್ರು ಎಣಿಸಿದ್ರು.
"ಒಂದು ತಗಡು ಸೊಟ್ಟಾತ್ರೀ" ಅಂದೆ.
ಮೂವತ್ತು ರೂಪಾಯಿ ಮುರಕೊಂಡ್ರು.
ಮುಂಡರಗಿ ಮನ್ಯಾಗ ಅದ ತಗಡು
ಈಗ ನೀರಿನ ಕೊಡಕ್ಕ ಮುಚ್ಚಳ.

ಹಾಮ್ಲಿಬಾಯಿ ಹೋಗಿ ಮೂರು ವರ್ಷ.
ಮಗಳು ಗೋವಾದಾಗ ಸಿಮೆಂಟ್ ಹೊರತಾಳ.
ಆಕಿಗಾದ್ರೂ ಹೇಳಿದ್ದಳೋ ಇಲ್ಲೋ,
ನಾ ಕೇಳಿಲ್ಲ.
ಯಾವ ಬ್ಯಾನಿಗೆ, ಎಲಿಯೋ, ಬೇರೋ,
ಎಷ್ಟು, ಯಾವುದರಾಗ ಅರದು,
ನನಗೇನೂ ಗೊತ್ತಿಲ್ಲ.
ಬಣ್ಣದ ವಾಸನಿ ಕುಡದು ಕುಡದು ನನ್ನ ಎದಿ
ರಾತ್ರಿ ಸೀಟಿ ಹೊಡಿತೈತಿ.
ಅದಕ್ಕ ಇದ್ರೂ ಇರಬಹುದು.

ಮಳಿಗಾಲ ಮುಗದ ಮ್ಯಾಲೆ ಒಂದು ಶನಿವಾರ
ಸೈಕಲ್ ಕೆಳಗ ನಿಲ್ಲಿಸಿ ಏರತೀನಿ.
ಫಂಖಾ ತಿರಗತಿರತೈತಿ,
ಅದರ ನೆರಳು ಗಿಡದ ಮ್ಯಾಲೆ ಬಂದು ಬಂದು ಹೋಗತೈತಿ.
ಹಳೇ ದಾರ ಬಿಚ್ಚೂದಿಲ್ಲ.
ಹೊಸಾದು ಕಟ್ಟಿ, ಬಗ್ಗಿ,
ಎಲಿ ಹತ್ತರ ಬಾಯಿ ಒಯ್ದು ಹೇಳತೀನಿ:
ನಾಳೆ ಬರೂದಿಲ್ಲ.