ಬಾಕಿ

ಕಲ್ಯಾಣದಲ್ಲಿ ರೈಲು ನಿಲ್ಲುವುದು ಎರಡೇ ನಿಮಿಷ.
ಅಷ್ಟರೊಳಗೆ ಅವ್ವನನ್ನು, ಅವಳ ಮೊಣಕಾಲನ್ನು,
ಬುತ್ತಿಯನ್ನು, ಇಬ್ಬರು ಮಕ್ಕಳನ್ನು ಹತ್ತಿಸಬೇಕು.
ಕೈಚೀಲ ಮಾತ್ರ ಅವಳು ಯಾರಿಗೂ ಕೊಡಲಿಲ್ಲ.

ಕರ್ಜತ್ತಿನಲ್ಲಿ ಬಿಸಿ ವಡೆ. ಘಾಟಿನಲ್ಲಿ ಸುರಂಗದ ಎಣಿಕೆ:
ತನಯ ಹದಿನೇಳೆಂದ, ಅನ್ವಿತಾ ಹತ್ತೊಂಬತ್ತೆಂದಳು,
ನಡುವಿನೆರಡು ಕತ್ತಲು ಯಾರ ಪಾಲಿಗೆ ಹೋದವೋ.
ಇವರು ಫೋನು ನೋಡಿ ಓದಿದರು,
"ಪುಣೆಗೆ ಪೂರ್ವದ ಆಕ್ಸ್‌ಫರ್ಡ್ ಅಂತಾರಂತೆ."
"ಹಂಗಂದ್ರ?"
"ಇಂಗ್ಲೆಂಡಿನ ಊರು, ಅತ್ತೆ. ಎಂಟುನೂರು ವರ್ಷದಿಂದ
ಅಲ್ಲಿ ಬರೀ ಓದೋದೇ ಕೆಲಸ."
ಅವ್ವ ಕಿಟಕಿಯಾಚೆ ನೋಡಿದಳು.
ಒಂದು ಸುರಂಗ ಬಂತು, ಹೋಯಿತು.
"ಮತ್ತ ಅಡಗಿ ಯಾರು ಮಾಡ್ತಾರ?"

ಸದಾಶಿವ ಪೇಟೆಯ ನಮ್ಮ ವಾಡೆ ಈಗ ಆರು ಮಹಡಿ,
ಕೆಳಗೆ ಕನ್ನಡಕದ ಅಂಗಡಿ.
ಅವ್ವ ಪಾರ್ಕಿಂಗಿನಲ್ಲಿ ನಿಂತು ಕೋಲಿನಿಂದ ಗೆರೆ ಎಳೆದಳು:
ಇಲ್ಲೆ ಒಲಿ. ಇಲ್ಲೆ ನಾಕು ಮಣಿ, ಅಲ್ಲೆ ಆರು.
ಇಲ್ಲೆ ನೀ ಮಲಗ್ತಿದ್ದಿ, ಹಿಟ್ಟಿನ ಡಬ್ಬಿ ಮಗ್ಗಲಕ.
ಎರಡು ಸ್ಕೂಟರು, ಒಂದು ಕೆಂಪು ಕಾರು
ನಮ್ಮ ಪಂಕ್ತಿಯಲ್ಲಿ ಕೂತಿದ್ದವು.

ನನಗೆ ನೆನಪಿರುವುದು ಬೆಳಗಿನ ಐದರ ರೊಟ್ಟಿ ಬಡಿತ.
ಅಥಣಿ, ಜತ್ತ, ಇಂಡಿ, ಬಾಗಲಕೋಟೆಯ ಹುಡುಗರು
ಆ ಸದ್ದಿಗೇ ಎದ್ದು ಪರೀಕ್ಷೆಗೆ ಓದುತ್ತಿದ್ದರು.
ಅವ್ವನಿಗೆ ಅವರೆಲ್ಲ ಹಸಿವಿನಿಂದಲೇ ಗುರುತು:
ಏಳು ರೊಟ್ಟಿಯ ಕಾನೂನು, ಎರಡೇ ರೊಟ್ಟಿಯ ಸಂಸ್ಕೃತ,
ಮಜ್ಜಿಗೆಯಲ್ಲೇ ಹೊಟ್ಟೆ ತುಂಬಿಸುವ ರಸಾಯನಶಾಸ್ತ್ರ.
ಗಣಿತದ ಗುರುಸಿದ್ಧ ಹಂಚಿನಾಳನೊಬ್ಬ
ಎಣಿಸಿ ತಿಂದವನಲ್ಲ.

ಕಾಲೇಜಿನ ಗೇಟಿನಲ್ಲಿ ಕಾವಲುಗಾರ ತಡೆದ.
ರವಿವಾರ, ಒಳಗೆ ಬಿಡುವುದಿಲ್ಲ.
ಸರಳುಗಳ ನಡುವೆ ಕಂಡಷ್ಟೇ ಆಕ್ಸ್‌ಫರ್ಡ್:
ಕರಿಕಲ್ಲಿನ ಕಮಾನು, ಚೂಪು ಗೋಪುರ,
ಅದರ ನೆರಳಲ್ಲಿ ಮೈಚಾಚಿದ ನಾಯಿ.
ಹದಿನೆಂಟು ವರ್ಷ ಈ ಊರಿಗೆ ಉಣಬಡಿಸಿದವಳು
ಈ ಗೇಟಿನವರೆಗೆ ಬಂದದ್ದು ಇದೇ ಮೊದಲು.

ಆಗ ಚೀಲದಿಂದ ತೆಗೆದಳು,
ಹಳೆಯ ಕುಬಸದ ಬಟ್ಟೆಯಲ್ಲಿ ಸುತ್ತಿದ ತೆಳು ಪುಸ್ತಕ.
ಒಳರಟ್ಟಿನಲ್ಲಿ ಲೈಬ್ರರಿಯ ಮುದ್ರೆ, ಮರಳಿಸುವ ತಾರೀಖು:
ಹನ್ನೆರಡು ಮಾರ್ಚ್ ಎಂಬತ್ತಾರು.
"ನೂರಾ ನಲವತ್ತೆರಡ ರೂಪಾಯಿ ಬಾಕಿ ಇತ್ತು ಗುರುಸಿದ್ಧಂದು.
'ಇದನ್ನ ಒತ್ತಿ ಇಟ್ಕೋರಿ, ಬಂದು ಬಿಡಿಸ್ಕೋತೀನಿ' ಅಂದ.
ಅವಂದಲ್ಲ ಇದು, ಕಾಲೇಜಂದು. ಕೊಟ್ಟು ಹೋಗೂಣು."

ಕಾವಲುಗಾರ ತಾರೀಖು ನೋಡಿ ನಕ್ಕ.
ಅಜ್ಜೀ, ಇದರ ದಂಡಕ್ಕೆ ಮನೆ ಮಾರಬೇಕಾದೀತು ಎಂದ.
ಅವ್ವ ಅವನ ಮರಾಠಿಯಲ್ಲೇ ಹೇಳಿದಳು,
ಅದರೊಳಗೆ ನನ್ನ ನೂರಾ ನಲವತ್ತೆರಡು ಕಳೆದು ಹೇಳು.
ಅವನಿಗೆ ಮಾತು ಹೊರಡಲಿಲ್ಲ.
ಸೋಮವಾರ ಬನ್ನಿ ಎಂದ, ಸ್ಟೂಲು ಕೊಟ್ಟ, ನೀರು ತಂದ.
ನಾವು ಅಲ್ಲೇ, ಗೇಟಿನ ಹೊರಗೆ, ಬುತ್ತಿ ಬಿಚ್ಚಿದೆವು.
ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ.
ಅವನಿಗೂ ಕೊಟ್ಟಳು. ನಿಂತೇ ಐದು ತಿಂದ.
ಅವನು ಕೈ ತೊಳೆಯಲು ಹೋದಾಗ ಅವ್ವ ನನ್ನ ಕಿವಿಯಲ್ಲಿ,
"ಇಂವನ್ನ ಯಾರರೆ ಓದಿಸಬೇಕಿತ್ತು."

ಸಂಜೆಯ ರೈಲು. ತನಯ ಅಪ್ಪನ ತೊಡೆಯ ಮೇಲೆ ನಿದ್ದೆ,
ಸುರಂಗ ಎಣಿಸುವವರಿಲ್ಲ.
ಅವ್ವ ಪುಸ್ತಕವನ್ನು ಅನ್ವಿತಾಳ ಕೈಗಿಟ್ಟಳು.
"ಓದು. ನಲವತ್ತು ವರ್ಷ ಟ್ರಂಕಿನಾಗಿತ್ತು,
ಇದರಾಗ ಏನೈತಿ ಅಂತ ಯಾರೂ ಹೇಳಲಿಲ್ಲ."
ನಾನೂ ಬಿಚ್ಚಿ ನೋಡಿರಲಿಲ್ಲ.

ಹುಡುಗಿ ಪುಟ ತಿರುವಿದಳು, ಇನ್ನೊಂದು ತಿರುವಿದಳು.
"ಅಜ್ಜಿ, ಇದು ಲಾಗ್ ಟೇಬಲ್. ಓದೋಕೇನೂ ಇಲ್ಲ, ಬರೀ ಅಂಕಿ.
ಎರಡರ ಮುಂದೆ ಮೂರು ಸೊನ್ನೆ ಒಂದು ಸೊನ್ನೆ,
ಮೂರರ ಮುಂದೆ ನಾಲ್ಕು ಏಳು ಏಳು ಒಂದು..."
ಅವ್ವ ಸೆರಗಿನಿಂದ ಕನ್ನಡಕ ಒರೆಸಿದಳು,
ಮತ್ತೆ ಒರೆಸಿದಳು.
"ಹಂಗಾರ ಅವರದೂ ಲೆಕ್ಕದ ವಹಿನ.
ಮುಂದ ಓದು.
ತಪ್ಪಿದ್ರ ನಾ ಹೇಳ್ತೀನಿ."