ಚಿತ್ರ ಐದರ ಚುಕ್ಕಿ

ಒಕಾಯಾದ ರೇಷ್ಮೆ ಗಿರಣಿಗಳು ಆಗಲೇ ಬಾಗಿಲು ಹಾಕಿದ್ದವು.
ತಾಯಿ ಕುದಿನೀರಲ್ಲಿ ಬೆರಳು ಬೇಯಿಸಿಕೊಂಡು
ಗೂಡಿನಿಂದ ನೂಲು ಬಿಚ್ಚಿದ ಕಟ್ಟಡದಲ್ಲೇ
ಕಿನುಯೊ ಅವರು ಕೂತು ಗೀಟು ಎಳೆಯುತ್ತಿದ್ದರು:
ರೆಸಿಸ್ಟರಿಗೆ ಗರಗಸದ ಹಲ್ಲು,
ಕೆಪಾಸಿಟರಿಗೆ ಎದುರುಬದುರು ನಿಂತು
ಮಾತು ಬಿಟ್ಟ ಎರಡು ಗೋಡೆ,
ತಂತಿ ತಂತಿಯನ್ನು ದಾಟುವಲ್ಲಿ
ತಾಗದೆ ಹಾರುವ ಪುಟ್ಟ ಕಮಾನು.

ನನಗಾಗ ಹತ್ತೊಂಬತ್ತು.
ನಿಬ್ಬು ತೊಳೆಯುವುದು, ಬ್ಲೇಡಿನಿಂದ ತಪ್ಪು ಕೆರೆಯುವುದು
ನನ್ನ ಕೆಲಸ.
"ಮೆಲ್ಲಗೆ ಕೆರಿ. ಕಾಗದಕ್ಕೆ ನೆನಪಿರುತ್ತೆ."

ಎಂಜಿನಿಯರ್ ಮಿನೆಗಿಶಿ ಅವರ ಹೊಸ ಸರ್ಕ್ಯೂಟು
ಬಂದದ್ದು ಜನವರಿಯಲ್ಲಿ.

ಹಕ್ಕು ಒಂದು:
ಚಿತ್ರದ ಪ್ರತಿ ಚುಕ್ಕಿಯನ್ನೂ ಸುತ್ತಲ ಎಂಟರೊಡನೆ ಕರೆದು
ಒಂಬತ್ತನ್ನೂ ಕಪ್ಪಿನಿಂದ ಬಿಳುಪಿಗೆ ಸಾಲು ನಿಲ್ಲಿಸಿ
ಐದನೆಯದನ್ನು ನಡುಮನೆಯಲ್ಲಿ ಕೂರಿಸತಕ್ಕ ಸಾಧನ.
ಹಕ್ಕು ಎರಡು:
ಹಕ್ಕು ಒಂದರಲ್ಲಿ ಹೇಳಿದ್ದೇ,
ಆದರೆ ಸೆಕೆಂಡಿಗೆ ಮೂವತ್ತು ಸಲ.

ಅಂದರೆ ಏನು, ಅಂದೆ.
"ಎಂಟರ ಜೊತೆ ಒಂಬತ್ತಾಗಬೇಕು.
ಒಂಟಿಯಾಗಿ ಹೊಳೆದರೆ ಕೊಳೆ ಅಂತ ಲೆಕ್ಕ."

ಪರೀಕ್ಷೆಗೆಂದು ಎರಡನೇ ಮಹಡಿಯ ಕಿಟಕಿಯಿಂದ
ಸುವಾ ಸರೋವರವನ್ನು ಹಿಡಿದರು, ಸಂಜೆ ಐದರ ಮಬ್ಬು.
ಎಡ ಪರದೆಯಲ್ಲಿ
ಉಪ್ಪು ಮೆಣಸು ಎರಚಿದಂಥ ಗದ್ದಲ.
ಬಲದಲ್ಲಿ ಒರೆಸಿಟ್ಟ ಹಲಗೆಯ ಹಾಗೆ ನೀರು.
ನಾಲ್ಕು ಜನ ಚಪ್ಪಾಳೆ ತಟ್ಟಿದರು.
ಒಬ್ಬ ಕೇಕು ತರಲು ಓಡಿದ.

ಕಿನುಯೊ ಅವರು ಎಡ ಪರದೆಗೆ ಪೆನ್ಸಿಲ್ ಚಾಚಿ,
"ಇದು ಗದ್ದಲ ಅಲ್ಲ, ಹಂಸ" ಅಂದರು.
ದಿನಾ ಮಧ್ಯಾಹ್ನ ಬ್ರೆಡ್ಡಿನ ಅಂಚು ಹಾಕುವವರು,
ಅವರಿಗೆ ಗೊತ್ತಿರುತ್ತದೆ.
ಹಾಲಿಗೂ ನೀರಿಗೂ ನ್ಯಾಯ ಹೇಳುವ ಹಕ್ಕಿ
ಬಲ ಪರದೆಯಲ್ಲಿ ನೀರೇ ಆಗಿಹೋಗಿತ್ತು.

ಮಿನೆಗಿಶಿ ಕಣ್ಣುಜ್ಜಿದರು.
"ಅಷ್ಟು ದೂರದಲ್ಲಿ
ಹಂಸಕ್ಕೂ ಕೊಳೆಗೂ ಸರ್ಕ್ಯೂಟಿಗೆ ವ್ಯತ್ಯಾಸ ಇಲ್ಲ."
"ಹಂಸಕ್ಕೆ ಇದೆ"
ಎಂದು ಚಹಾ ಲೋಟ ತೊಳೆಯಲು ಎದ್ದುಹೋದರು.

ಏಪ್ರಿಲಿನಲ್ಲಿ ಅರ್ಜಿ ಹೋಯಿತು.
ಹಾಳೆ ಹನ್ನೊಂದು, ಹಕ್ಕು ಏಳು.
ಹಕ್ಕಿ ಒಂದು, ಅದು ಯಾರ ಗಮನಕ್ಕೂ ಬಂದಿರಲಿಲ್ಲ
ಮರುವರ್ಷ ಪರೀಕ್ಷಕರ ಪತ್ರ ಬರುವವರೆಗೆ:
ಚಿತ್ರ ಐದು, ಸರೋವರದ ರೇಖಾಕೃತಿ,
ಬಲಗಡೆ ಮೇಲೆ ಸಂಖ್ಯೆಯಿಲ್ಲದ ಒಂದು ಚುಕ್ಕಿ.
ವಿವರಿಸಿ, ಇಲ್ಲವೇ ತೆಗೆದುಹಾಕಿ.

ಎಲ್ಲರೂ ನನ್ನತ್ತ ನೋಡಿದರು, ಬ್ಲೇಡು ನನ್ನ ಕೈಲಿತ್ತಲ್ಲ.
ನಾನು ಕಿನುಯೊ ಅವರತ್ತ ನೋಡಿದೆ.
ಅವರು ನಿಬ್ಬಿನ ತುದಿಯನ್ನು ಬೆಳಕಿಗೆ ಹಿಡಿದು
ಅದೇನೋ ಹುಡುಕುತ್ತಿದ್ದರು.

ಮಿನೆಗಿಶಿ ಬಹಳ ಹೊತ್ತು ನಿಂತರು.
ಆಮೇಲೆ ತಾವೇ ಒಂದು ಸೊಟ್ಟ ಗೀಟೆಳೆದು
ಅದರ ಬುಡದಲ್ಲಿ ಇಪ್ಪತ್ತೇಳು ಎಂದು ಬರೆದರು.
ವಿವರಣೆಯ ಕೊನೆಗೆ ಒಂದು ಸಾಲು ಸೇರಿತು:
"ಇಪ್ಪತ್ತೇಳು: ಸದರಿ ಸಾಧನವು ಉಳಿಸಲಾರದ ವಸ್ತು."
ವಕೀಲ ಬೈದ.
ನಮ್ಮ ಮೇಲೆ ನಾವೇ ಸಾಕ್ಷಿ ಹೇಳಿದ ಹಾಗಾಯಿತು, ಅಂದ.
ಪೇಟೆಂಟು ಮಾತ್ರ ಸಿಕ್ಕಿತು.

ಇಪ್ಪತ್ತು ವರ್ಷ ಬಾಳಿತು.
ಟಿವಿಯೊಳಕ್ಕೆ ಹೋಯಿತು, ಆಸ್ಪತ್ರೆಗೆ ಹೋಯಿತು,
ಕಣ್ಣಲ್ಲಿ ಕ್ಯಾಮೆರಾ ಇಟ್ಟ ಒಂದು ಬೊಂಬೆಯೊಳಕ್ಕೂ.
ಅವಧಿ ಮುಗಿದ ಮೇಲೆ ಯಾರ ಸೊತ್ತೂ ಅಲ್ಲ,
ಯಾರು ಬೇಕಾದರೂ ಅಳಿಸಬಹುದು, ಪುಕ್ಕಟೆ.
ಕಿನುಯೊ ಅವರು ಹೋದದ್ದು ಅದೇ ಚಳಿಗಾಲ.

ಮೊನ್ನೆ ಗ್ರಂಥಾಲಯದ ಪರದೆಯಲ್ಲಿ ಆ ಹಾಳೆ ತೆಗೆಸಿದೆ.
ಚಿತ್ರ ಐದು.
ಇಪ್ಪತ್ತೇಳು ಇದೆ. ಸೊಟ್ಟ ಗೀಟೂ ಇದೆ.
ಗೀಟಿನ ತುದಿಯಲ್ಲಿ ಏನೂ ಇಲ್ಲ.

ಸ್ಕ್ಯಾನ್ ಮಾಡುವಾಗ ಯಂತ್ರ
ತಾನಾಗಿ ಧೂಳು ಒರೆಸುತ್ತದೆ, ಎಂದಳು ಗ್ರಂಥಪಾಲಕಿ,
ಸಹಾಯ ಮಾಡಿದ ದನಿಯಲ್ಲಿ.
ಹೇಗೆ ಒರೆಸುತ್ತದೆ ಎಂದು ನಾನು ಕೇಳಲಿಲ್ಲ.

ಹೊರಗೆ ಸರೋವರದಂಚಿಗೆ ನಡೆದೆ.
ಕನ್ನಡಕದ ಮೇಲೆ ಮಂಜು, ಒರೆಸಿಕೊಳ್ಳಲು ಭಯವಾಯಿತು.
ದೂರದಲ್ಲಿ ಬಿಳಿಬಿಳಿ, ಹನ್ನೆರಡೋ ಹದಿಮೂರೋ.
ಎಣಿಸುತ್ತಿದ್ದಂತೆ ಒಂದು ಕದಲಿತು.
ಮತ್ತೆ ಮೊದಲಿಂದ ಎಣಿಸಿದೆ.